ವಾರ್ಡಿನಲ್ಲಿ ರೋಗಿಯ ಪಕ್ಕ ಕೂರುವವರು ತಿಳಿದಿರಬೇಕಾದದ್ದು

ಜಿಲ್ಲಾ ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ರಾತ್ರಿ ಪಾಳಿಗೆ ಸಿಸ್ಟರ್ ಒಬ್ಬರೋ ಇಬ್ಬರೋ ಇರುತ್ತಾರೆ. ಇಂಜೆಕ್ಷನ್ ಕೊಡಬೇಕು, ಡ್ರಿಪ್ ಬದಲಿಸಬೇಕು, ಬಿಪಿ ನೋಡಿ ಬರೆಯಬೇಕು, ನಡುವೆ ಹೊಸ ರೋಗಿ ಬಂದರೆ ಅವರನ್ನೂ ಹಾಸಿಗೆಗೆ ಸೇರಿಸಬೇಕು. ಹಗಲೂ ರಾತ್ರಿ ಒಬ್ಬ ರೋಗಿಯ ಮೇಲೇ ಕಣ್ಣಿಟ್ಟು ಕೂರುವವರು ಮನೆಯಿಂದ ಬಂದವರು ಮಾತ್ರ. ಹೆಂಡತಿ, ಮಗ, ಸೊಸೆ, ತಂಗಿ, ಕೆಲವೊಮ್ಮೆ ಪಕ್ಕದ ಮನೆಯವರು. ಅವರಿಗೆ ಈ ಕೆಲಸವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಊಟ ತರುವುದು, ಔಷಧಿ ಚೀಟಿ ಹಿಡಿದು ಓಡುವುದು, ಡಾಕ್ಟರು ರೌಂಡ್ಸಿಗೆ ಬಂದಾಗ ಎದ್ದು ನಿಲ್ಲುವುದು, ಇಷ್ಟೇ ತಮ್ಮ ಪಾಲಿನದು ಎಂದುಕೊಂಡಿರುತ್ತಾರೆ.

ಆದರೆ ಪಾರ್ಶ್ವವಾಯು ಆದವರು, ಸೊಂಟದ ಮೂಳೆ ಮುರಿದ ವಯಸ್ಸಾದವರು, ತಲೆಗೆ ಪೆಟ್ಟು ಬಿದ್ದು ಎಚ್ಚರವಿಲ್ಲದೆ ಮಲಗಿರುವವರು, ಇವರಿಗೆಲ್ಲ ಬಂದ ಕಾಯಿಲೆ ಒಂದಾದರೆ ಹಾಸಿಗೆ ತಂದೊಡ್ಡುವ ತೊಂದರೆ ಇನ್ನೊಂದು. ಬೆನ್ನಿನ ಹುಣ್ಣು, ಆಹಾರ ಶ್ವಾಸಕೋಶಕ್ಕೆ ಹೋಗಿ ಆಗುವ ನ್ಯುಮೋನಿಯಾ, ಮೂತ್ರದ ಸೋಂಕು. ಮೂಲ ಕಾಯಿಲೆಯಿಂದ ಪಾರಾದವರು ಈ ಮೂರರಲ್ಲಿ ಒಂದಕ್ಕೆ ಸಿಕ್ಕಿ ಹೋಗುವುದುಂಟು. ಈ ಮೂರನ್ನೂ ಬಹುಮಟ್ಟಿಗೆ ತಡೆಯುವುದು ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತವರ ಕೈಯಲ್ಲಿದೆ. ಹಾಗಾಗಿ ಮೊದಲು ಅದನ್ನೇ ವಿವರವಾಗಿ ಬರೆಯುತ್ತೇನೆ. ಕಾರ್ಡು, ಯೋಜನೆ, ರಕ್ತ, ಆಂಬುಲೆನ್ಸ್ ಎಲ್ಲ ಆಮೇಲೆ.

ಮಗ್ಗುಲು ಬದಲಿಸುವುದು

ತಾನಾಗಿ ಹೊರಳಲಾಗದ ರೋಗಿಯನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಬಲಮಗ್ಗುಲು, ಅಂಗಾತ, ಎಡಮಗ್ಗುಲು, ಹೀಗೆ ಸರದಿ. ರಾತ್ರಿಯೂ ಬಿಡುವಂತಿಲ್ಲ. ಒಂದೇ ಭಂಗಿಯಲ್ಲಿ ಮಲಗಿದಾಗ ಮೂಳೆಗೂ ಹಾಸಿಗೆಗೂ ನಡುವೆ ಚರ್ಮ, ಮಾಂಸ ಸಿಕ್ಕಿಕೊಂಡು ಅಲ್ಲಿಗೆ ರಕ್ತ ಹರಿಯುವುದು ನಿಲ್ಲುತ್ತದೆ. ಕೆಲವೇ ಗಂಟೆ ಹೀಗಾದರೂ ಒಳಗಿನ ಮಾಂಸ ಸಾಯತೊಡಗುತ್ತದೆ. ಹೊರಗೆ ಬರೀ ಕೆಂಪು ಕಾಣಿಸುವ ಹೊತ್ತಿಗೆ ಒಳಗೆ ಹುಣ್ಣು ಶುರುವಾಗಿರಬಹುದು. ನೋಡಬೇಕಾದ ಜಾಗಗಳು ಇವು: ಸೊಂಟದ ಕೆಳಗೆ ಬೆನ್ನಿನ ತುದಿ, ಎರಡೂ ಹಿಮ್ಮಡಿ, ತೊಡೆಯ ಪಕ್ಕದ ಎಲುಬು, ಮೊಣಕಾಲುಗಳು ಒಂದಕ್ಕೊಂದು ತಾಗುವ ಕಡೆ, ಭುಜದ ಹಿಂಬದಿ, ತಲೆಯ ಹಿಂಭಾಗ, ಕಿವಿ. ಆಕ್ಸಿಜನ್ ಮಾಸ್ಕಿನ ದಾರ ಕಿವಿಯ ಹಿಂದೆ ಒತ್ತುವ ಜಾಗವನ್ನು ಹೆಚ್ಚಿನವರು ನೋಡುವುದೇ ಇಲ್ಲ.

ಕೆಂಪಾದ ಕಡೆ ಬೆರಳಿನಿಂದ ಒತ್ತಿ ಬಿಡಿ. ಒತ್ತಿದಾಗ ಬಿಳಿಚಿ, ಬಿಟ್ಟಾಗ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ ಎಂದರ್ಥ. ಒತ್ತಿದರೂ ಕೆಂಪು ಹಾಗೇ ಉಳಿದರೆ ಅದು ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಕೆಂಪು ತಿಳಿಯುವುದಿಲ್ಲ. ಅಲ್ಲಿ ಅಕ್ಕಪಕ್ಕದ ಚರ್ಮಕ್ಕಿಂತ ಬಿಸಿ ಇದೆಯೇ, ಗಟ್ಟಿಯಾಗಿದೆಯೇ, ಬಣ್ಣ ಗಾಢವಾಗಿದೆಯೇ ಎಂದು ಕೈಯಿಟ್ಟು ನೋಡಬೇಕು. ಅಂಥ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ. ರಕ್ತ ಓಡಲಿ ಎಂದು ತಿಕ್ಕುವುದು ನಮ್ಮಲ್ಲಿ ವಾಡಿಕೆ. ಆದರೆ ಆಗಲೇ ನಲುಗಿದ ಮಾಂಸ ತಿಕ್ಕಿದಷ್ಟೂ ಹರಿದುಹೋಗುತ್ತದೆ. ಅಲ್ಲಿ ಭಾರ ಬೀಳದಂತೆ ಮಲಗಿಸುವುದೊಂದೇ ಮದ್ದು. ರಿಂಗಿನಾಕಾರದ ರಬ್ಬರ್ ದಿಂಬೂ ಬೇಡ. ಅದರ ಅಂಚು ಸುತ್ತಲೂ ಒತ್ತಿ, ನಡುವಿನ ಜಾಗಕ್ಕೆ ಬರುವ ರಕ್ತವನ್ನೇ ತಡೆಯುತ್ತದೆ.

ಹೊರಳಿಸುವ ಕ್ರಮದಲ್ಲೂ ತಪ್ಪಾಗುತ್ತದೆ. ಕಂಕುಳಿಗೆ ಕೈಹಾಕಿ ಮೇಲಕ್ಕೆಳೆದರೆ ಬೆನ್ನಿನ ಚರ್ಮ ಹಾಸಿಗೆಗೆ ಉಜ್ಜಿ ಸುಲಿಯುತ್ತದೆ, ಪಾರ್ಶ್ವವಾಯು ಆದ ಕಡೆಯ ಭುಜ ಕೀಲು ಜಾರುತ್ತದೆ. ಒಂದು ಗಟ್ಟಿ ದುಪ್ಪಟಿಯನ್ನು ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ರೋಗಿಯ ಕೆಳಗೆ ಹಾಸಿಡಿ. ಇಬ್ಬರು ಎರಡೂ ಬದಿಯಲ್ಲಿ ಅದರ ಅಂಚನ್ನು ಸುರುಳಿ ಸುತ್ತಿ ಹಿಡಿದು ಒಟ್ಟಿಗೆ ಎತ್ತಿ ಸರಿಸಿ. ಎಳೆಯಬಾರದು, ಎತ್ತಬೇಕು. ಮಗ್ಗುಲಿಗೆ ಮಲಗಿಸುವಾಗ ಪೂರ್ತಿ 90 ಡಿಗ್ರಿ ತಿರುಗಿಸಿದರೆ ಇಡೀ ಭಾರ ತೊಡೆಯ ಎಲುಬಿನ ಮೇಲೆ ಬೀಳುತ್ತದೆ. ಬೆನ್ನ ಹಿಂದೆ ಒಂದು ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸಿದರೆ ಸಾಕು. ಮೊಣಕಾಲುಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿ ಗಾಳಿಯಲ್ಲಿ ತೇಲುವ ಹಾಗೆ. ಹೀಗಾಗಿ ಮನೆಯಿಂದ ತರಬೇಕಾದ ಸಾಮಾನಿನಲ್ಲಿ ಮೊದಲನೆಯದು ನಾಲ್ಕು ದಿಂಬು. ಬೆನ್ನುಮೂಳೆಗೆ ಪೆಟ್ಟಾದವರು, ಸೊಂಟದ ಆಪರೇಷನ್ ಆದವರು ಇದ್ದರೆ ಮಾತ್ರ ಹೇಗೆ ತಿರುಗಿಸಬೇಕು ಎಂದು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಗಾಳಿ ಹಾಸಿಗೆ ಒಳ್ಳೆಯದೇ. ಆದರೆ ಅದನ್ನು ಹಾಕಿದ ಮೇಲೆ ಹೊರಳಿಸುವುದನ್ನೇ ನಿಲ್ಲಿಸುತ್ತಾರೆ, ಅಲ್ಲಿ ಕೆಡುತ್ತದೆ. ಪಂಪು ಸದಾ ಓಡುತ್ತಿರಬೇಕು, ಏಕೆಂದರೆ ಗುಳ್ಳೆಗಳು ಸರದಿಯಲ್ಲಿ ತುಂಬಿ ಇಳಿಯುವುದೇ ಅದರ ಕೆಲಸ. ಮೊಬೈಲ್ ಚಾರ್ಜ್ ಮಾಡಲು ಅದರ ಪ್ಲಗ್ ಕಿತ್ತು ಮರೆತುಬಿಡುವುದು ಪ್ರತಿ ವಾರ್ಡಿನಲ್ಲೂ ಆಗುತ್ತದೆ. ಕಂಬಳಿ, ರಬ್ಬರ್ ಶೀಟು, ಮೇಲೊಂದು ಚಾದರ ಎಂದು ದಪ್ಪಗೆ ಹಾಸಿದರೂ ಉಪಯೋಗವಿಲ್ಲ. ತೆಳ್ಳಗಿನ ಒಂದು ಹತ್ತಿ ಬಟ್ಟೆ ಸಾಕು. ಮಲ, ಮೂತ್ರ, ಬೆವರಿನಿಂದ ಒದ್ದೆಯಾದ ಚರ್ಮ ಬೇಗ ಕಿತ್ತುಬರುತ್ತದೆ, ಹಾಗಾಗಿ ಡಯಾಪರ್ ತುಂಬುವವರೆಗೂ ಕಾಯಬೇಡಿ. ತೊಳೆದು, ಉಜ್ಜದೆ ಒತ್ತಿ ಒರೆಸಿ.

ಬಾಯಿಗೆ ಏನಾದರೂ ಕೊಡುವ ಮೊದಲು

ಪಾರ್ಶ್ವವಾಯು ಆದವರನ್ನು ನೋಡಲು ಬಂದ ನೆಂಟರು ಮೊದಲು ಮಾಡುವ ಕೆಲಸ ಎಳನೀರು ಕುಡಿಸುವುದು. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಪಾರ್ಶ್ವವಾಯು ಆದವರಲ್ಲಿ ಎಷ್ಟೋ ಜನಕ್ಕೆ ನುಂಗುವ ಸ್ನಾಯುಗಳೂ ಸೋತಿರುತ್ತವೆ, ನೀರು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಮ್ಮು ಬರಲೇಬೇಕೆಂದಿಲ್ಲ, ಸದ್ದಿಲ್ಲದೆಯೂ ಇಳಿಯುತ್ತದೆ. ಎರಡು ಮೂರು ದಿನದಲ್ಲಿ ಜ್ವರ, ಏದುಸಿರು. ನುಂಗುವ ಶಕ್ತಿ ಇದೆಯೇ ಎಂದು ಡಾಕ್ಟರೋ ಸಿಸ್ಟರೋ ಪರೀಕ್ಷೆ ಮಾಡಿ ಹೇಳುವವರೆಗೆ ಒಂದು ಚಮಚ ನೀರೂ ಬೇಡ, ಮಾತ್ರೆಯೂ ಬೇಡ. ಕಿಡ್ನಿ ಕೆಟ್ಟವರಿಗೆ ಎಳನೀರು ಬೇರೆಯೇ ಕಾರಣಕ್ಕೆ ವಿಷ. ಅದರಲ್ಲಿ ಪೊಟ್ಯಾಷಿಯಂ ಜಾಸ್ತಿ. ಡಯಾಲಿಸಿಸ್ ರೋಗಿಯ ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ನಿಲ್ಲಬಹುದು.

ಮೂಗಿನಿಂದ ಹೊಟ್ಟೆಗೆ ಹಾಕಿದ ರೈಲ್ಸ್ ಟ್ಯೂಬಿನಲ್ಲಿ ಆಹಾರ ಕೊಡುವುದನ್ನು ಮೊದಲ ಒಂದೆರಡು ಸಲ ಸಿಸ್ಟರ್ ಎದುರಿಗೇ ಮಾಡಿ ಕಲಿಯಿರಿ. ಟ್ಯೂಬಿನ ಮೇಲೆ ಗುರುತುಗಳಿರುತ್ತವೆ. ಹಾಕಿದ ದಿನ ಮೂಗಿನ ಹೊಳ್ಳೆಯ ಬಳಿ ಯಾವ ಗುರುತು ಇತ್ತು ಎಂದು ಬರೆದಿಟ್ಟುಕೊಳ್ಳಿ. ಪ್ರತಿ ಸಲ ಕೊಡುವ ಮುಂಚೆ ಅದೇ ಗುರುತು ಅಲ್ಲೇ ಇದೆಯೇ ನೋಡಿ. ಹೊರಗೆ ಜಾರಿದ್ದರೆ ಆಹಾರ ಕೊಡಬೇಡಿ, ಒಳಗೆ ತಳ್ಳಲೂಬೇಡಿ, ಸಿಸ್ಟರನ್ನು ಕರೆಯಿರಿ. ಹಾಸಿಗೆಯ ತಲೆಭಾಗ 30ರಿಂದ 45 ಡಿಗ್ರಿ ಎತ್ತಿರಬೇಕು. ಕೊಡುವಾಗ ಮಾತ್ರವಲ್ಲ, ಕೊಟ್ಟಾದ ಮೇಲೂ ಒಂದು ಗಂಟೆ ಹಾಗೇ ಇರಲಿ. ಹಾಸಿಗೆಯ ಹಿಡಿಕೆ ಕೆಟ್ಟಿದ್ದರೆ ಬೆನ್ನಿಗೆ ದಿಂಬು ಜೋಡಿಸಿ. ಆದ್ದರಿಂದ ಮಗ್ಗುಲು ಬದಲಿಸುವುದು, ಡಯಾಪರ್ ಬದಲಿಸುವುದು ಎಲ್ಲ ಊಟಕ್ಕೆ ಮೊದಲೇ ಮುಗಿಯಬೇಕು. ಊಟವಾದ ಕೂಡಲೇ ಸಮತಟ್ಟಾಗಿ ಮಲಗಿಸಿ ಬಟ್ಟೆ ಬದಲಿಸುವಾಗಲೇ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಸಾಮಾನ್ಯವಾಗಿ ದೊಡ್ಡವರಿಗೆ ಒಂದು ಸಲಕ್ಕೆ 200 ಮಿಲಿ, ಎರಡು ಮೂರು ಗಂಟೆಗೊಮ್ಮೆ ಎಂದು ಹೇಳುತ್ತಾರೆ. ನಿಮ್ಮ ರೋಗಿಗೆ ಎಷ್ಟು ಎಂದು ಕೇಸ್ ಶೀಟಿನಲ್ಲಿ ಬರೆದದ್ದೇ ಲೆಕ್ಕ. 50 ಮಿಲಿ ಸಿರಿಂಜಿನ ಹಿಡಿಕೆ ತೆಗೆದು, ಕೊಳವೆಯನ್ನು ಟ್ಯೂಬಿಗೆ ಸಿಕ್ಕಿಸಿ, ರೋಗಿಯ ತಲೆಗಿಂತ ಸ್ವಲ್ಪ ಮೇಲೆ ಹಿಡಿದು ಸುರಿಯಿರಿ. ತಾನಾಗಿ ಇಳಿಯಬೇಕು. ಹಿಡಿಕೆ ಹಾಕಿ ಜೋರಾಗಿ ತಳ್ಳಿದರೆ ವಾಂತಿಯಾಗುತ್ತದೆ. 200 ಮಿಲಿ ಇಳಿಯಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಮೊದಲೂ ಕೊನೆಗೂ ಸುಮಾರು 30 ಮಿಲಿ ಕುದಿಸಿ ಆರಿಸಿದ ನೀರು. ರಾಗಿ ಗಂಜಿ ಕೊಡುವವರು ಗಮನಿಸಿ: ಒಲೆಯ ಮೇಲೆ ನೀರಾಗಿದ್ದ ಗಂಜಿ ಆರಿದ ಮೇಲೆ ಗಟ್ಟಿಯಾಗುತ್ತದೆ. ಆರಿದ ನಂತರ ತೆಳ್ಳಗೆ ಮಾಡಿ ಬಟ್ಟೆಯಲ್ಲಿ ಸೋಸಿ. ವಾರ್ಡಿನಲ್ಲಿ ಟ್ಯೂಬು ಕಟ್ಟಿಕೊಳ್ಳಲು ಮುಖ್ಯ ಕಾರಣ ಗಂಜಿಯ ಗಂಟು ಮತ್ತು ಸರಿಯಾಗಿ ಪುಡಿಯಾಗದ ಮಾತ್ರೆ. ಮಾತ್ರೆಗಳನ್ನು ಒಂದೊಂದಾಗಿ ನುಣ್ಣಗೆ ಅರೆದು ನೀರಿನಲ್ಲಿ ಕದಡಿ ಕೊಡಿ, ಆಹಾರದೊಂದಿಗೆ ಬೆರೆಸಬೇಡಿ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್ ಎಂದಿರುವ ಮಾತ್ರೆಗಳನ್ನು ಅರೆಯಬಾರದು. ದಿನವಿಡೀ ನಿಧಾನವಾಗಿ ಇಳಿಯಬೇಕಾದ ಔಷಧಿ ಒಂದೇ ಸಲ ರಕ್ತಕ್ಕೆ ಸೇರುತ್ತದೆ. ಡಾಕ್ಟರಿಗೆ ಹೇಳಿದರೆ ಬೇರೆ ಬರೆದುಕೊಡುತ್ತಾರೆ.

ಟ್ಯೂಬಿನಲ್ಲಿ ಊಟ ಹೋಗುತ್ತಿದೆ ಎಂದು ಬಾಯಿ ತೊಳೆಯುವುದನ್ನು ಬಿಟ್ಟುಬಿಡುತ್ತಾರೆ. ಅದೇ ಬಾಯಿಯ ಕ್ರಿಮಿಗಳು ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳಿಯುವುದು. ದಿನಕ್ಕೆ ಎರಡು ಮೂರು ಸಲ ಬೆರಳಿಗೆ ಒದ್ದೆ ಗಾಜ್ ಬಟ್ಟೆ ಸುತ್ತಿ ಹಲ್ಲು, ವಸಡು, ನಾಲಿಗೆ ಒರೆಸಿ. ಎಚ್ಚರವಿಲ್ಲದವರು ಕಚ್ಚಬಹುದು, ಅವರಿಗೆ ಬೆರಳಿನ ಬದಲು ಮೆತ್ತನೆಯ ಚಿಕ್ಕ ಬ್ರಷ್ ಒಳ್ಳೆಯದು. ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಳ್ಳಿ.

ಮೂತ್ರದ ಬ್ಯಾಗು, ಡ್ರಿಪ್ಪು

ಬ್ಯಾಗು ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಈ ನಿಯಮ ಮುರಿಯುವುದು ಸ್ಕ್ಯಾನಿಂಗಿಗೆ ಕರೆದೊಯ್ಯುವಾಗ. ಸ್ಟ್ರೆಚರಿಗೆ ಹಾಕಿದ ಕೂಡಲೇ ಯಾರಾದರೂ ಬ್ಯಾಗನ್ನು ಎತ್ತಿ ರೋಗಿಯ ಹೊಟ್ಟೆಯ ಮೇಲೆ ಇಟ್ಟುಬಿಡುತ್ತಾರೆ. ಪೈಪಿನಲ್ಲಿದ್ದ ಹಳೆಯ ಮೂತ್ರ ಕ್ರಿಮಿಗಳ ಸಮೇತ ಮೂತ್ರಕೋಶಕ್ಕೆ ವಾಪಸು ಹೋಗುತ್ತದೆ. ಹೊರಡುವ ಮುಂಚೆ ಬ್ಯಾಗು ಖಾಲಿ ಮಾಡಿ, ಸ್ಟ್ರೆಚರಿನ ಕೆಳಗಿನ ಕಂಬಿಗೆ ತೂಗುಹಾಕಿ. ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ, ಎಷ್ಟು ಮಿಲಿ ಎಂದು ಬರೆದಿಡಿ. ದೊಡ್ಡವರಿಗೆ ಗಂಟೆಗೆ ಕಡಿಮೆಯೆಂದರೂ 30 ಮಿಲಿ ಬರಬೇಕು. ಎರಡು ಮೂರು ಗಂಟೆ ಏನೂ ಬಾರದಿದ್ದರೆ ಪೈಪು ಮಡಿಸಿಕೊಂಡಿದೆಯೇ, ತೊಡೆಯ ಕೆಳಗೆ ಸಿಕ್ಕಿದೆಯೇ ನೋಡಿ. ಇಲ್ಲವಾದರೆ ಸಿಸ್ಟರಿಗೆ ಹೇಳಿ. ಕ್ಯಾಥೆಟರನ್ನು, ಅಂದರೆ ಮೂತ್ರಕೋಶಕ್ಕೆ ಹಾಕಿದ ಪೈಪನ್ನು, ತೊಡೆಗೆ ಪ್ಲಾಸ್ಟರಿನಿಂದ ಅಂಟಿಸಿರಬೇಕು. ಜೋತಾಡಿದರೆ ಒಳಗಿನ ಬಲೂನು ಎಳೆದು ರಕ್ತ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ದಿನಕ್ಕೊಮ್ಮೆ ರೌಂಡ್ಸಿನಲ್ಲಿ ಕೇಳಿ: ಈ ಪೈಪು ಇನ್ನೂ ಬೇಕೇ, ತೆಗೆಯಬಹುದೇ? ಇದ್ದಷ್ಟು ದಿನವೂ ಸೋಂಕಿನ ಅಪಾಯ ಏರುತ್ತಲೇ ಇರುತ್ತದೆ.

ಡ್ರಿಪ್ಪಿನ ವೇಗವನ್ನಾಗಲೀ ಆಕ್ಸಿಜನ್ನಿನ ಗುಂಡಿಯನ್ನಾಗಲೀ ನೀವು ತಿರುಗಿಸಬೇಡಿ. ಬಾಟಲಿ ಬೇಗ ಮುಗಿಯಲಿ ಎಂದು ಚಕ್ರ ಸಡಿಲಿಸಿದ್ದರಿಂದ ಹೃದಯ ದುರ್ಬಲವಾದವರಿಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಸೂಜಿ ಚುಚ್ಚಿದ ಕಡೆ ಊದಿಕೊಂಡರೆ, ಉರಿ ಬಂದರೆ, ಕೆಂಪು ಗೆರೆ ಏರಿದರೆ ಕೂಡಲೇ ಹೇಳಿ. ಡಯಾಲಿಸಿಸ್ಸಿಗೆಂದು ಫಿಸ್ಟುಲಾ (ಆಪರೇಷನ್ ಮಾಡಿ ರಕ್ತನಾಳಗಳನ್ನು ಜೋಡಿಸುವುದು) ಮಾಡಿಸಿಕೊಂಡ ಕೈಗೆ ಬಿಪಿ ಪಟ್ಟಿ, ಡ್ರಿಪ್, ರಕ್ತ ತೆಗೆಯುವುದು ಯಾವುದೂ ಕೂಡದು. ಪಾಳಿ ಬದಲಾದಾಗ ಹೊಸಬರಿಗೆ ಇದು ಗೊತ್ತಿರದಿರಬಹುದು, ನೀವೇ ಹೇಳಬೇಕು.

ಕಾಗದಗಳು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ 2018ರಲ್ಲಿ ಶುರುವಾಯಿತು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರ) ಶೇ 30ನ್ನು ಸರ್ಕಾರ ಕೊಡುತ್ತದೆ, ಮಿತಿ ವರ್ಷಕ್ಕೆ 1.5 ಲಕ್ಷ. ಇಷ್ಟು ಬಹಳ ಜನಕ್ಕೆ ಗೊತ್ತು. ಎಡವುವುದು ಮುಂದೆ.

ಈ ಯೋಜನೆ ಆಸ್ಪತ್ರೆಗೇ ಹಣ ಕಟ್ಟುವಂಥದ್ದು. ನೀವು ಕೈಯಿಂದ ಬಿಲ್ಲು ಕಟ್ಟಿ ಆಮೇಲೆ ರಸೀದಿ ತೋರಿಸಿದರೆ ಹಣ ವಾಪಸು ಬರುವುದಿಲ್ಲ. ಹಾಗಾಗಿ ಕಾರ್ಡನ್ನು ತೋರಿಸಬೇಕಾದ್ದು ಸೇರುವಾಗ, ಬಿಡುಗಡೆಯ ದಿನವಲ್ಲ. ಎರಡನೆಯದು, ತುರ್ತಲ್ಲದ ಚಿಕಿತ್ಸೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಅಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಅವರೇ ರೆಫರಲ್ ಕೊಡುತ್ತಾರೆ, ಅದನ್ನು ಹಿಡಿದು ಖಾಸಗಿಗೆ ಹೋಗಬೇಕು. ರೆಫರಲ್ ಇಲ್ಲದೆ ನೇರ ಹೋದರೆ ಯೋಜನೆ ಹಿಡಿಯುವುದಿಲ್ಲ. ಹೃದಯಾಘಾತ, ಅಪಘಾತದಂಥ ಪಟ್ಟಿ ಮಾಡಿದ ತುರ್ತು ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಡ. ಮೂರನೆಯದು, ಖಾಸಗಿ ಆಸ್ಪತ್ರೆ ನೋಂದಾಯಿತವಾಗಿದ್ದರೂ ಎಲ್ಲ ವಿಭಾಗಕ್ಕೂ ಆಗಿರುವುದಿಲ್ಲ. ಹೃದಯಕ್ಕೆ ಇದ್ದು ಮೂಳೆಗೆ ಇಲ್ಲದಿರಬಹುದು. ರೋಗಿಯನ್ನು ಇಳಿಸುವ ಮೊದಲು ಅಲ್ಲಿಯ ಆರೋಗ್ಯಮಿತ್ರರನ್ನು (ಯೋಜನೆಯ ಬಗ್ಗೆ ನೆರವಾಗುವ ಸಿಬ್ಬಂದಿ) ಕಂಡು, ಈ ಚಿಕಿತ್ಸೆಗೇ ಇದೆಯೇ ಎಂದು ಕೇಳಿ. ಉತ್ತರ ಸಿಗದಿದ್ದರೆ 14555ಕ್ಕೆ ಕರೆ ಮಾಡಬಹುದು.

ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಆಸ್ಪತ್ರೆಯ ಚೀಟಿಯಲ್ಲಿ ಮತ್ತೊಂದು. ಮನೆಯಲ್ಲಿ ಕರೆಯುವ ಹೆಸರನ್ನೇ ಕೌಂಟರಿನಲ್ಲಿ ಹೇಳಿಬಿಡುವುದರಿಂದ ಹೀಗಾಗುತ್ತದೆ. ಓಪಿಡಿ ಚೀಟಿ ಮಾಡಿಸುವಾಗಲೇ ಆಧಾರ್ ಕಾರ್ಡನ್ನು ಮುಂದಿಟ್ಟು ಅದರಲ್ಲಿದ್ದಂತೆ ಬರೆಸಿ. ಒಮ್ಮೆ ತಪ್ಪು ಹೆಸರಿನಲ್ಲಿ ಕೇಸ್ ಶೀಟ್ ತೆರೆದರೆ ರಕ್ತಪರೀಕ್ಷೆ, ಸ್ಕ್ಯಾನಿಂಗು, ಕೊನೆಗೆ ಡಿಸ್ಚಾರ್ಜ್ ಸಮ್ಮರಿಯವರೆಗೂ ಅದೇ ಹೋಗುತ್ತದೆ. ಆಧಾರಿಗೆ ಜೋಡಿಸಿದ ಮೊಬೈಲು ಊರಲ್ಲಿ ಉಳಿದುಬಿಟ್ಟರೆ ಓಟಿಪಿ ಬರುವುದಿಲ್ಲ, ಆ ಫೋನನ್ನೂ ತನ್ನಿ. ಎರಡೂ ಕಾರ್ಡಿನ ಐದೈದು ಜೆರಾಕ್ಸ್, ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳು, ಎಲ್ಲ ಒಂದು ಪ್ಲಾಸ್ಟಿಕ್ ಫೋಲ್ಡರಿನಲ್ಲಿ. ಮಾತ್ರೆಯ ಸ್ಟ್ರಿಪ್ಪು ತಂದರೆ ಸಾಕು, 'ಬಿಳಿ ಮಾತ್ರೆ, ರಾತ್ರಿ ಒಂದು' ಎಂದು ನೀವು ಹೇಳುವುದು, ಡಾಕ್ಟರು ಊಹಿಸುವುದು ತಪ್ಪುತ್ತದೆ.

ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡು ಮಾಡಿಸಿದ್ದರೆ ಅದೂ 5 ಲಕ್ಷದವರೆಗೆ ಬರುತ್ತದೆ. ಆದರೆ ಕಾಯಿಲೆ ಬಂದ ಮೇಲೆ ಹೋಗಿ ಮಾಡಿಸಲಾಗುವುದಿಲ್ಲ. ನೋಂದಣಿ ತೆರೆದಾಗ ಸಂಘದಲ್ಲಿ ಹಣ ಕಟ್ಟಿರಬೇಕು. ಹೆರಿಗೆಗೆ ಬಂದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ, ಪರೀಕ್ಷೆ, ಊಟ, ರಕ್ತ, ಸಿಸೇರಿಯನ್ ಎಲ್ಲವೂ ಉಚಿತ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಹಕ್ಕು ಅದು. ಬಾಣಂತಿಯನ್ನು ಮನೆಗೆ ಬಿಡುವ ನಗು-ಮಗು ವಾಹನವನ್ನೂ ಕೇಳಿ ಪಡೆಯಿರಿ.

ಒಂದು ಮಾತು ಖಾಸಗಿಯವರ ಬಗ್ಗೆ. ಅಪಘಾತವಾದವರಿಗೆ ತುರ್ತು ಚಿಕಿತ್ಸೆ ಕೊಡಲು ಪೊಲೀಸ್ ಕಾಗದಕ್ಕಾಗಿ ಕಾಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಬಿಲ್ಲು ಬಾಕಿ ಎಂದು ಶವವನ್ನು ಹಿಡಿದಿಡುವಂತಿಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಅದನ್ನು ಸ್ಪಷ್ಟಪಡಿಸಿದೆ. ಇದನ್ನು ಗಟ್ಟಿಯಾಗಿ, ಆದರೆ ಜಗಳವಿಲ್ಲದೆ ಹೇಳಲು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ.

ಗಡಿಯಾರ ನೋಡಬೇಕಾದ ಎರಡು ಕಾಯಿಲೆ

ಪಾರ್ಶ್ವವಾಯುವಿಗೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುಂಚೆ ಸಿಟಿ ಸ್ಕ್ಯಾನ್ ಆಗಬೇಕು, ಏಕೆಂದರೆ ಒಳಗೆ ರಕ್ತಸ್ರಾವ ಆಗಿದ್ದರೆ ಅದೇ ಇಂಜೆಕ್ಷನ್ ಕೊಲ್ಲುತ್ತದೆ. ಹಾಗಾಗಿ ಸಿಟಿ ಸ್ಕ್ಯಾನ್ ಇಲ್ಲದ ಆಸ್ಪತ್ರೆಗೆ ಹೋಗಿ ಕೂರಬೇಡಿ. ಡಾಕ್ಟರು ಕೇಳುವ ಮೊದಲ ಪ್ರಶ್ನೆ 'ಕೊನೆಯದಾಗಿ ಸರಿಯಾಗಿದ್ದದ್ದನ್ನು ಯಾವಾಗ ನೋಡಿದಿರಿ?'. ಬೆಳಿಗ್ಗೆ ಆರಕ್ಕೆ ಎದ್ದಾಗ ಕೈ ಬಿದ್ದುಹೋಗಿತ್ತು ಎಂದರೆ ಲೆಕ್ಕ ಆರರಿಂದಲ್ಲ, ರಾತ್ರಿ ಮಲಗಿದ ಹೊತ್ತಿನಿಂದ. ಬಾಯಿ ಸೊಟ್ಟಗಾದದ್ದು, ಕೈ ಸೋತದ್ದು, ಮಾತು ತೊದಲಿದ್ದು, ಈ ಮೂರರಲ್ಲಿ ಒಂದು ಕಂಡರೂ ನಾಟಿ ಔಷಧಿಗೆಂದು ಊರೂರು ಸುತ್ತಿ ಆ ಗಂಟೆಗಳನ್ನು ಕಳೆಯಬೇಡಿ.

ಎದೆನೋವಿಗೆ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮೊದಲು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯದ ಹಲವು ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ತಜ್ಞರಿಗೆ ಕಳಿಸಿ, ಹೃದಯಾಘಾತ ಎಂದು ಖಚಿತವಾದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಅದನ್ನು ಪಡೆಯದೆ ನೇರ ದೊಡ್ಡ ಊರಿಗೆ ಕಾರು ಹತ್ತುವುದು ತಪ್ಪು ಲೆಕ್ಕ. ದಾರಿಯ ಪ್ರತಿ ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತಿರುತ್ತದೆ.

108 ಆಂಬುಲೆನ್ಸ್ ಕರ್ನಾಟಕದಲ್ಲಿ 2008ರ ನವೆಂಬರ್ 1ರಿಂದ ಇದೆ, ಉಚಿತ. ದೊಡ್ಡಾಸ್ಪತ್ರೆಗೆ ಸಾಗಿಸಲು ಖಾಸಗಿ ಆಂಬುಲೆನ್ಸ್ ಹಿಡಿಯುವವರು ಆಕ್ಸಿಜನ್ ಲೆಕ್ಕವನ್ನು ತಾವೇ ಹಾಕಬೇಕು. ಆಂಬುಲೆನ್ಸಿನಲ್ಲಿ ಸಾಮಾನ್ಯವಾಗಿ ಇರುವ ಬಿ ಟೈಪ್ ಸಿಲಿಂಡರ್ ತುಂಬಿದಾಗ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರ್ ಓಡಿದರೆ ಎರಡೂವರೆ ಗಂಟೆಗೆ ಖಾಲಿ. ಚಿತ್ರದುರ್ಗದಿಂದ ಬೆಂಗಳೂರಿಗೆ 200 ಕಿಲೋಮೀಟರ್, ಟ್ರಾಫಿಕ್ ಸೇರಿ ನಾಲ್ಕು ಗಂಟೆ. ಮೀಟರಿನ ಮುಳ್ಳು ಅರ್ಧಕ್ಕಿದ್ದರೆ ಆಕ್ಸಿಜನ್ನೂ ಅರ್ಧವೇ. ಹತ್ತುವ ಮೊದಲು ಮುಳ್ಳು ನೋಡಿ, ಎರಡನೆಯ ಸಿಲಿಂಡರ್ ಇದೆಯೇ ಕೇಳಿ. ಹೋಗುವ ಆಸ್ಪತ್ರೆಯಲ್ಲಿ ಐಸಿಯು ಹಾಸಿಗೆ ಖಾಲಿ ಇದೆ ಎಂದು ಇಲ್ಲಿಯ ಡಾಕ್ಟರಿಂದಲೇ ಫೋನ್ ಮಾಡಿಸಿ ಖಚಿತಪಡಿಸಿಕೊಂಡು ಹೊರಡಿ. ರೆಫರಲ್ ಪತ್ರ, ಸ್ಕ್ಯಾನ್ ಫಿಲ್ಮು, ಇಸಿಜಿ, ಯಾವ ಇಂಜೆಕ್ಷನ್ ಎಷ್ಟು ಗಂಟೆಗೆ ಕೊಟ್ಟರು ಎಂಬ ಬರಹ ಜೊತೆಗಿರಲಿ.

ರಕ್ತ

ರಕ್ತ ಮಾರುವುದು, ಕೊಳ್ಳುವುದು ಅಪರಾಧ. ಹಣಕ್ಕೆ ರಕ್ತ ಕೊಡುವ ಪದ್ಧತಿ 1998ರ ಜನವರಿಯಿಂದ ದೇಶದಲ್ಲಿ ನಿಷಿದ್ಧ. ಗೇಟಿನ ಬಳಿ 'ಯೂನಿಟ್ಟಿಗೆ ಇಷ್ಟು ಕೊಡಿ' ಎನ್ನುವವರಿಂದ ದೂರವಿರಿ, ಅಂಥವರು ಕಾಯಿಲೆ ಮುಚ್ಚಿಡುತ್ತಾರೆ. ದಾನಿಗೆ 18ರಿಂದ 65 ವರ್ಷ, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಊರಿನಿಂದ ದಾನಿಗಳನ್ನು ಕರೆತರುವವರು ಒಂದು ವಿಷಯ ಮರೆಯುತ್ತಾರೆ: ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿ ಬಂದವರು ಕುರ್ಚಿಯಲ್ಲೇ ತಲೆಸುತ್ತಿ ಬೀಳುತ್ತಾರೆ. ಮೊದಲು ತಿಂಡಿ ತಿನ್ನಿಸಿ, ನೀರು ಕುಡಿಸಿ. ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ರೋಗಿಗಳಿಗೆ ರಕ್ತ ಉಚಿತ.

ರಕ್ತನಿಧಿಯಿಂದ ಚೀಲ ತರುವವರು ನೀವೇ ಆಗಿದ್ದರೆ ದಾರಿಯಲ್ಲಿ ನಿಲ್ಲಬೇಡಿ. ಹೊರಬಂದ ಅರ್ಧ ಗಂಟೆಯೊಳಗೆ ಏರಿಸಲು ಶುರುಮಾಡಬೇಕು, ನಾಲ್ಕು ಗಂಟೆಯೊಳಗೆ ಮುಗಿಯಬೇಕು. ತಣ್ಣಗಿದೆ ಎಂದು ಬಿಸಿಲಿಗೆ, ಬಿಸಿನೀರಿಗೆ ಇಟ್ಟರೆ ರಕ್ತಕಣಗಳು ಒಡೆಯುತ್ತವೆ. ಪ್ಲೇಟ್‌ಲೆಟ್ ಚೀಲವನ್ನು ಮಾತ್ರ ಐಸಿನಲ್ಲಿ ಇಡಲೇಬಾರದು. ಅದು 20ರಿಂದ 24 ಡಿಗ್ರಿಯಲ್ಲಿರಬೇಕಾದ್ದು, ಐದು ದಿನ ಮಾತ್ರ ಬಾಳುತ್ತದೆ. ಡೆಂಗಿ ಕಾಲದಲ್ಲಿ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ತುಂಬಿ ತಂದು ಹಾಳುಮಾಡುವುದುಂಟು. ಸಿಸ್ಟರ್ ಚೀಲದ ಮೇಲಿನ ಹೆಸರು, ಗುಂಪು, ಐಪಿ ನಂಬರ್ (ಒಳರೋಗಿಯ ಸಂಖ್ಯೆ) ಓದಿ ತಾಳೆ ನೋಡುವಾಗ ನೀವೂ ಪಕ್ಕದಲ್ಲಿ ನಿಂತು ನೋಡಿ. ಒಂದೇ ಹೆಸರಿನ ಇಬ್ಬರು ರೋಗಿಗಳು ಒಂದೇ ವಾರ್ಡಿನಲ್ಲಿ ಇರುವುದು ಅಪರೂಪವಲ್ಲ. ಮೊದಲ ಹದಿನೈದು ನಿಮಿಷ ರೋಗಿಯನ್ನು ಬಿಟ್ಟು ಏಳಬೇಡಿ. ನಡುಕ, ಬೆನ್ನುನೋವು, ತುರಿಕೆ, ಉಸಿರು ಕಟ್ಟಿದಂತಾದರೆ ಕೂಗಿ ಕರೆಯಿರಿ.

ಮನೆಗೆ ಹೊರಡುವಾಗ, ಮತ್ತು ನೆರವಾಗುವವರಿಗೆ

ಡಿಸ್ಚಾರ್ಜ್ ಸಮ್ಮರಿಯನ್ನು ಕೈಗೆ ತೆಗೆದುಕೊಂಡು ಅಲ್ಲೇ ನಿಂತು ಓದಿಸಿಕೊಳ್ಳಿ. ಯಾವ ಮಾತ್ರೆ ಎಷ್ಟು ದಿನ, ಯಾವುದನ್ನು ನಿಲ್ಲಿಸಬೇಕು, ಹಳೆಯ ಮಾತ್ರೆಗಳಲ್ಲಿ ಯಾವುದು ಮುಂದುವರಿಯಬೇಕು, ಹೊಲಿಗೆ ಬಿಚ್ಚುವುದು ಯಾವಾಗ, ಕ್ಯಾಥೆಟರ್ ಬದಲಿಸುವ ತಾರೀಖು ಯಾವುದು. ಹಳೆಯ ಬಿಪಿ ಮಾತ್ರೆಯನ್ನೂ ಹೊಸ ಹೆಸರಿನ ಅದೇ ಮಾತ್ರೆಯನ್ನೂ ಒಟ್ಟಿಗೆ ನುಂಗಿ ಬಿಪಿ ಇಳಿದು ಬಿದ್ದು ವಾಪಸು ಬರುವವರು ಇದ್ದಾರೆ. ಬಿಪಿ, ಸಕ್ಕರೆ ಮಾತ್ರೆ ಪ್ರತಿ ತಿಂಗಳೂ ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗುತ್ತದೆ. ಸಮ್ಮರಿಯ ಒಂದು ಪ್ರತಿ ಆಶಾ ಕಾರ್ಯಕರ್ತೆಗೆ ತೋರಿಸಿ. ವಾಸಿಯಾಗದ ಹಂತಕ್ಕೆ ಬಂದ ಕ್ಯಾನ್ಸರ್ ರೋಗಿಯನ್ನು 'ಇನ್ನೇನೂ ಮಾಡುವಂತಿಲ್ಲ' ಎಂದು ಕಳಿಸಿದರೆ ಅದು ಕೊನೆಯ ಮಾತಲ್ಲ. ನೋವು ಇಳಿಸಲು ಮಾರ್ಫಿನ್ ಮಾತ್ರೆ ಇದೆ, ನೋವುಶಮನ ವಿಭಾಗಗಳಿವೆ. ಬೆಂಗಳೂರಿನ ವರ್ತೂರು ರಸ್ತೆಯ ಕರುಣಾಶ್ರಯ ಇಂಥವರನ್ನು ಹಣವಿಲ್ಲದೆ ನೋಡಿಕೊಳ್ಳುತ್ತದೆ.

ನೋಡಲು ಬರುವ ನೆಂಟರು, ಓಣಿಯವರು ಸೇಬು, ಮೂಸಂಬಿ ತರುತ್ತಾರೆ. ರೋಗಿ ತಿನ್ನಲಾರ, ಪಕ್ಕದಲ್ಲಿ ಕೂತವರಿಗೆ ತಿನ್ನುವ ಮನಸ್ಸಿರುವುದಿಲ್ಲ. ಅದರ ಬದಲು ಒಂದು ರಾತ್ರಿಯ ಪಾಳಿ ತೆಗೆದುಕೊಳ್ಳಿ. ಬಟ್ಟೆ ಒಯ್ದು ಒಗೆದು ತನ್ನಿ. ಜೆರಾಕ್ಸ್ ಮಾಡಿಸಿ ಕೊಡಿ. ಮನೆಯಲ್ಲಿ ಉಳಿದ ಮಕ್ಕಳಿಗೆ ಎರಡು ಹೊತ್ತು ಊಟ ಹಾಕಿ, ಹಸು ಇದ್ದರೆ ಹಾಲು ಕರೆದು ಡೈರಿಗೆ ಹಾಕಿ. ಆಸ್ಪತ್ರೆಯ ಊಟ ರೋಗಿಗೆ ಮಾತ್ರ. ಇಂದಿರಾ ಕ್ಯಾಂಟೀನ್ ಹತ್ತಿರವಿದ್ದರೆ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ಹೋಗಿ ತಿಂದು ಬರುವಷ್ಟು ಹೊತ್ತು ಯಾರಾದರೂ ಅವರ ಸ್ಟೂಲಿನಲ್ಲಿ ಕೂರಬೇಕು, ಅಷ್ಟೇ.

ಹೀಗೆ ಪಾಳಿ ಬದಲಿಸುವಾಗ ಒಂದು ನೋಟ್‌ಬುಕ್ ಇರಲಿ. ಕೊನೆಯದಾಗಿ ಎಷ್ಟು ಗಂಟೆಗೆ ಯಾವ ಮಗ್ಗುಲಿಗೆ ಹೊರಳಿಸಿದ್ದು, ಎಷ್ಟು ಗಂಟೆಗೆ ಎಷ್ಟು ಮಿಲಿ ಕೊಟ್ಟದ್ದು, ಬ್ಯಾಗಿನಲ್ಲಿ ಎಷ್ಟು ಮೂತ್ರ ಬಂತು, ಟ್ಯೂಬಿನ ಗುರುತು ಎಷ್ಟು, ನಾಳೆ ರೌಂಡ್ಸಿನಲ್ಲಿ ಏನು ಕೇಳಬೇಕು. ಓದು ಬಾರದವರು ಕೂರುವುದಾದರೆ ಗಡಿಯಾರದ ಚಿತ್ರ ಬರೆದು ಎರಡು ಗಂಟೆಗೊಂದು ಗೆರೆ ಹಾಕಿ ಕೊಡಿ. ಹೊರಳಿಸಿದಾಗಲೆಲ್ಲ ಅವರು ಆ ಗೆರೆಯ ಮೇಲೆ ಒಂದು ಚುಕ್ಕಿ ಇಟ್ಟರಾಯಿತು.